ಎರಡು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಜರ್ಮನಿಗೆ: ಹೋಗಿ ಬಂದವರು ಹೇಳಿ

ವಿದ್ಯಾನಗರದ ಅಮ್ಮ, ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ಮಗಳ ಎಲ್‌ಕೆಜಿ ಮುಗಿದು ಬೇಸಿಗೆ ರಜೆ ಬಂದ ತಕ್ಷಣ ಹೊರಟು, ಮೇ ಕೊನೆಗೆ ವಾಪಸ್ ಬರುವ ಯೋಚನೆ. ಮಗಳಿಗೆ ನಾಲ್ಕೂವರೆ ವರ್ಷ. ಮಗನಿಗೆ ಮೇ ಮಧ್ಯದಲ್ಲಿ ಎರಡು ತುಂಬುತ್ತದೆ. ಹೋಗುವಾಗಲೂ ಬರುವಾಗಲೂ ದೊಡ್ಡವರು ಅಂತ ಇರುವುದು ನಾನೊಬ್ಬಳೇ. ನಾನು ವಿಮಾನ ಹತ್ತಿದ್ದು ಮದುವೆಯಾದ ಹೊಸದರಲ್ಲಿ, ಗೋವಾಕ್ಕೆ. ಆಗ ಕೈಯಲ್ಲಿ ವ್ಯಾನಿಟಿ ಬ್ಯಾಗ್ ಬಿಟ್ಟರೆ ಬೇರೇನೂ ಇರಲಿಲ್ಲ!

ಪಾಸ್‌ಪೋರ್ಟ್ ಕೆಲಸ ಆಗಿದೆ. ಇಲ್ಲೇ ಹಾಸನದ ಪೋಸ್ಟ್ ಆಫೀಸಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮಾಡಿಸಿದೆವು. ಮಗ 2023ರ ಅಕ್ಟೋಬರ್ 1ರ ನಂತರ ಹುಟ್ಟಿದವನು, ಹಾಗಾಗಿ ಜನನ ಪ್ರಮಾಣಪತ್ರವೇ ಆಗಬೇಕು ಅಂದರು. ಇತ್ತು, ಕೊಟ್ಟೆವು. ಆದರೆ ಇಬ್ಬರ ಪಾಸ್‌ಪೋರ್ಟಿನಲ್ಲೂ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆ ಇನಿಷಿಯಲ್ ಬಿಟ್ಟರೆ ಸರ್‌ನೇಮ್ ಎಲ್ಲಿದೆ ಹೇಳಿ? ಇದರಿಂದ ಏನಾದರೂ ತೊಂದರೆ ಆಗುತ್ತಾ?

ಇನ್ನು ವಿಮಾನ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ಹೋಗುವುದಾ, ದುಬೈ ಅಥವಾ ದೋಹಾ ಮೇಲೆ ಹೋಗುವುದಾ? ದುಡ್ಡಿನಲ್ಲಿ ಸಾಕಷ್ಟು ವ್ಯತ್ಯಾಸ ಕಾಣಿಸುತ್ತಿದೆ. ಮಗನಿಗೆ ಬ್ಯಾಸಿನೆಟ್ (ವಿಮಾನದಲ್ಲಿ ಸಿಕ್ಕಿಸಿಕೊಡುವ ಪುಟ್ಟ ತೊಟ್ಟಿಲು) ಕೇಳಬೇಕಾ? ಪಕ್ಕದ ಮನೆಯವರು ಹತ್ತುವ ಮೊದಲು ಒಂದು ಚಮಚ ಸಿರಪ್ ಕೊಟ್ಟುಬಿಡಿ, ಇಳಿಯುವವರೆಗೂ ಮಲಗಿರುತ್ತಾವೆ ಅನ್ನುತ್ತಿದ್ದಾರೆ. ಅದು ಸರಿಯಾ?

ಕೊನೆಯದು ಲಗೇಜ್. ಅತ್ತೆಯವರು ಈಗಲೇ ಪಟ್ಟಿ ಮಾಡಿದ್ದಾರೆ. ಅರಸೀಕೆರೆ ತೋಟದ ಕೊಬ್ಬರಿ, ಮನೆ ತುಪ್ಪ, ಗಸಗಸೆ, ಚಟ್ನಿಪುಡಿ. ಮಾವನವರ ಸ್ನೇಹಿತರ ಮಗನೂ ಅದೇ ಊರಿನಲ್ಲಿದ್ದಾನಂತೆ. ಅವನಿಗೂ ಒಂದು ಪೊಟ್ಟಣ ಬರುತ್ತದಂತೆ. ಬೇಡ ಅನ್ನಲು ಬಾಯಿ ಬರುತ್ತಿಲ್ಲ.

ಘಾಟಿ ಸವಾರ, ಸಕಲೇಶಪುರ

ಗಲ್ಫ್ ಮೇಲೆ ಹೋಗಿ ಮೇಡಂ. ನಾವು ಹೋದ ವರ್ಷ ಹಾಗೇ ಹೋಗಿದ್ದು. ಹತ್ತು ಗಂಟೆ ಒಂದೇ ಸೀಟಿನಲ್ಲಿ ಮಕ್ಕಳನ್ನು ಕೂರಿಸುವುದು ಯಾರಿಂದ ಆಗುತ್ತದೆ? ನಡುವೆ ಇಳಿದರೆ ಓಡಾಡಿಕೊಂಡು ಸುಸ್ತಾಗಿ ಎರಡನೇ ವಿಮಾನದಲ್ಲಿ ಮಲಗುತ್ತಾರೆ. ಉಳಿದ ದುಡ್ಡಿನಲ್ಲಿ ಅಲ್ಲಿ ಚೆನ್ನಾಗಿ ಸುತ್ತಾಡಬಹುದು. ಬೇಕಾದರೆ ದುಬೈನಲ್ಲಿ ಎರಡು ದಿನ ಇಳಿದುಕೊಂಡು ಹೋಗಿ, ಮಕ್ಕಳಿಗೂ ಖುಷಿ.

ಆಲ್ದೂರಿನ ಅಕ್ಕ, ಚಿಕ್ಕಮಗಳೂರು

ಸವಾರರೇ, ಒಂದು ಪ್ರಶ್ನೆ. ನೀವು ಹೋದಾಗ ನಿಮ್ಮ ಹೆಂಡತಿ ಜೊತೆಗಿದ್ದರಲ್ವಾ? ಇಬ್ಬರು ದೊಡ್ಡವರಿದ್ದರೆ ನೀವು ಹೇಳಿದ್ದು ಸರಿ. ಇವರು ಒಬ್ಬರೇ.

ಹಾಸನದ ಅಮ್ಮ, ನಾನು ಮ್ಯೂನಿಕ್‌ನಲ್ಲಿರುವ ತಂಗಿ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದವಳು. ಕಾಫಿ ಕೊಯ್ಲು ನಡೆಯುತ್ತಿತ್ತು, ಯಜಮಾನರು ತೋಟ ಬಿಟ್ಟು ಬರುವ ಹಾಗಿರಲಿಲ್ಲ. ಹಾಗಾಗಿ ನಾನೂ ಒಬ್ಬಳೇ. ನನ್ನ ಲೆಕ್ಕ ಒಂದೇ: ನಿಮಗಿರುವುದು ಎರಡು ಕೈ. ಒಂದು ಮಗಳಿಗೆ, ಒಂದು ಮಗನಿಗೆ. ಟಿಕೆಟ್ಟಿನಿಂದ ಹಿಡಿದು ತುಪ್ಪದ ಡಬ್ಬಿವರೆಗೆ ಪ್ರತಿಯೊಂದಕ್ಕೂ "ಇದಕ್ಕೆ ಕೈ ಎಲ್ಲಿದೆ?" ಅಂತ ಕೇಳಿಕೊಳ್ಳಿ. ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಮೊದಲು ವಿಮಾನ. ನೇರ ಹೋಗಿ. ಒಂಬತ್ತು ಹತ್ತು ಗಂಟೆ ಅಂದರೆ ಹೆದರಬೇಡಿ. ನೇರ ವಿಮಾನ ನಮ್ಮಲ್ಲಿಂದ ಹೊರಡುವುದು ಮಧ್ಯರಾತ್ರಿ ಮೀರಿದ ಮೇಲೆ, ಮಕ್ಕಳು ಹೇಗೂ ಮಲಗುವ ಹೊತ್ತು. ಗಲ್ಫ್ ಮೇಲೆ ಹೋದರೆ ಕಣ್ಣು ಮುಚ್ಚಿ ನಾಲ್ಕು ಗಂಟೆ ಆಗುವಷ್ಟರಲ್ಲಿ ಎಬ್ಬಿಸಬೇಕು. ಮದುವೆ ಛತ್ರದಲ್ಲಿ ನಿದ್ದೆ ಹೋದ ಮಗುವನ್ನು ಎಬ್ಬಿಸಿ ಬಸ್ಸು ಹತ್ತಿಸಿದ್ದೀರಾ? ಅದೇ ರಂಪ, ಆದರೆ ಎರಡು ಮಕ್ಕಳದ್ದು, ಗೊತ್ತಿಲ್ಲದ ಊರಿನಲ್ಲಿ. ಮತ್ತೆ ಸೆಕ್ಯುರಿಟಿ, ಮತ್ತೆ ಸ್ಟ್ರೋಲರ್ ಮಡಚಿ ಬೆಲ್ಟ್ ಮೇಲೆ ಇಡುವುದು. ಸ್ಟ್ರೋಲರ್ ಮಡಚಲು ಎರಡು ಕೈ ಬೇಕು. ಆ ಹೊತ್ತಿನಲ್ಲಿ ಮಗನನ್ನು ಯಾರು ಹಿಡಿಯುತ್ತಾರೆ?

ದುಬೈನಲ್ಲಿ ಇಳಿದು ಎರಡು ದಿನ ಇರುವ ವಿಷಯಕ್ಕೆ ಬಂದರೆ, ನಿಮ್ಮ ಸರ್‌ನೇಮ್ ಪ್ರಶ್ನೆಗೆ ಅಲ್ಲೇ ಮುಳ್ಳಿರುವುದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಯುಎಇ 2022ರ ನವೆಂಬರ್‌ನಿಂದ ವಿಸಿಟ್ ವೀಸಾ ನಿಯಮ ಬಿಗಿ ಮಾಡಿದೆ. ನಮ್ಮ ಜಿಲ್ಲೆಗಳಲ್ಲಿ ಇಂಥ ಪಾಸ್‌ಪೋರ್ಟ್ ಮನೆಮನೆಯಲ್ಲೂ ಇವೆ. ಜರ್ಮನಿಗೆ ಹೋಗಲು ಅದು ಅಡ್ಡಿಯಲ್ಲ. ಆದರೆ ಟಿಕೆಟ್ ಬುಕ್ ಮಾಡುವ ಜಾಗದಲ್ಲಿ ಲಾಸ್ಟ್ ನೇಮ್ ಖಾಲಿ ಬಿಡಲು ಬಿಡುವುದಿಲ್ಲ. ಒಂದೊಂದು ಕಂಪನಿ ಒಂದೊಂದು ಥರ ತುಂಬಲು ಹೇಳುತ್ತದೆ. ಸುಮ್ನೆ ನಿಮಗೆ ತೋಚಿದ ಹೆಸರು ಹಾಕಬೇಡಿ. ಫೋನ್ ಮಾಡಿ ಕೇಳಿ ಹಾಗೇ ತುಂಬಿ. ಮಕ್ಕಳ ಹೆಸರಿಗೂ ನಿಮ್ಮ ಹೆಸರಿಗೂ ಹೊಂದಿಕೆ ಕಾಣುವುದಿಲ್ಲವಾದ್ದರಿಂದ ಜನನ ಪ್ರಮಾಣಪತ್ರದ ಪ್ರತಿ ಬೆನ್ನಿನ ಚೀಲದಲ್ಲೇ ಇರಲಿ. ಜೊತೆಗೆ ಯಜಮಾನರಿಂದ ಒಪ್ಪಿಗೆ ಪತ್ರ ಮತ್ತು ಅವರ ಪಾಸ್‌ಪೋರ್ಟ್ ಪ್ರತಿ ತರಿಸಿಕೊಳ್ಳಿ. ವೀಸಾ ಅರ್ಜಿಗೂ ತಂದೆ ತಾಯಿ ಇಬ್ಬರ ಸಹಿ ಕೇಳುತ್ತಾರೆ. ಅವರು ಅಲ್ಲಿರುವುದರಿಂದ ಕಾಗದ ಬರಲು ಹೊತ್ತು ಹಿಡಿಯುತ್ತದೆ, ಇವತ್ತೇ ಹೇಳಿ.

ವೀಸಾ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಷೆಂಗನ್ ವೀಸಾ (ಜರ್ಮನಿ ಮತ್ತು ಸುತ್ತಲಿನ ಯುರೋಪ್ ದೇಶಗಳಿಗೆ ಒಟ್ಟಾಗಿ ಇರುವ ವೀಸಾ) ಶುಲ್ಕ ದೊಡ್ಡವರಿಗೆ 90 ಯೂರೋ, ಆರು ವರ್ಷದ ಒಳಗಿನವರಿಗೆ ಇಲ್ಲ. ಅಂದರೆ ನಿಮ್ಮ ಇಬ್ಬರು ಮಕ್ಕಳಿಗೂ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಹನ್ನೆರಡರ ಒಳಗಿನವರಿಂದ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ಮೂವರಿಗೂ ತಲಾ 30,000 ಯೂರೋಗೆ ಕಡಿಮೆಯಿಲ್ಲದ ಪ್ರಯಾಣ ವಿಮೆ ಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಏಪ್ರಿಲ್, ಮೇನಲ್ಲಿ ಹೋಗುವವರು ಜಾಸ್ತಿ. ಕಾಯುತ್ತಾ ಕೂರಬೇಡಿ.

ಮಗನ ಟಿಕೆಟ್ ಮಾತ್ರ ಬಹಳ ಹುಷಾರಾಗಿ ನೋಡಿ. ಎರಡು ವರ್ಷದ ಒಳಗೆ ಮಡಿಲಲ್ಲಿ ಕೂರಿಸಬಹುದು, ದುಡ್ಡು ಬಹಳ ಕಡಿಮೆ. ಎರಡು ತುಂಬಿತೋ, ಸ್ವಂತ ಸೀಟು ಕಡ್ಡಾಯ. ನಿಮಗೆ ಹೋಗುವಾಗ ಒಂದು ನಿಯಮ, ಬರುವಾಗ ಇನ್ನೊಂದು. ನನ್ನ ಮಾತು ಕೇಳಿದರೆ ಹೋಗುವಾಗಲೂ ಅವನಿಗೆ ಸೀಟು ತೆಗೆದುಕೊಳ್ಳಿ. ಗಲ್ಫ್ ಬಿಟ್ಟು ನೇರ ಹೋಗಿ ಅಂತ ಒಂದು ಕಡೆ ಖರ್ಚು ಏರಿಸಿದೆ, ಇಲ್ಲಿ ಇನ್ನೊಂದು ಏರಿಸುತ್ತಿದ್ದೇನೆ, ಗೊತ್ತು. ಆದರೆ ಎರಡು ವರ್ಷಕ್ಕೆ ಹತ್ತಿರದ ಗಂಡು ಹುಡುಗ ರಾತ್ರಿಯಿಡೀ ಮಡಿಲಲ್ಲಿದ್ದರೆ ಬೆಳಿಗ್ಗೆ ನಿಮ್ಮ ಕೈ ಮರಗಟ್ಟಿರುತ್ತದೆ. ಆ ಕೈಯಲ್ಲೇ ಮತ್ತೆ ಅವನನ್ನು ಎತ್ತಿಕೊಂಡು ಫ್ರಾಂಕ್‌ಫರ್ಟ್‌ನ ಆ ಉದ್ದದ ಕಾರಿಡಾರ್ ನಡೆಯಬೇಕು.

ಬ್ಯಾಸಿನೆಟ್ ಮರೆತುಬಿಡಿ. ತೂಕದ ಮಿತಿ ಕಂಪನಿ ಮೇಲೆ 10ರಿಂದ 14 ಕಿಲೋ. ತೂಕ ಸರಿಯಿದ್ದರೂ ಈ ವಯಸ್ಸಿಗೆ ಕಾಲು ಹೊರಗೆ ಬರುತ್ತದೆ. ಮೇಲಾಗಿ ಬ್ಯಾಸಿನೆಟ್ ಸಿಕ್ಕಿಸುವ ಮುಂದಿನ ಸಾಲಿನ ಸೀಟುಗಳಲ್ಲಿ ಊಟ ಇಡುವ ಮಡಚುವ ಹಲಗೆ ಕೈ ಒರಗಿನೊಳಗೆ ಇರುತ್ತದೆ. ಹಾಗಾಗಿ ಕೈ ಒರಗು ಮೇಲೆತ್ತಲು ಬರುವುದಿಲ್ಲ, ಮಕ್ಕಳನ್ನು ಅಡ್ಡ ಮಲಗಿಸುವ ಹಾಗಿಲ್ಲ. ಹೊರಡುವಾಗ ಇಳಿಯುವಾಗ ಕಾಲಡಿ ಚೀಲ ಇಟ್ಟುಕೊಳ್ಳಲೂ ಬಿಡುವುದಿಲ್ಲ, ಡೈಪರ್ ತಲೆ ಮೇಲಿನ ಗೂಡು ಸೇರುತ್ತದೆ. ನಡುವಿನ ಯಾವುದಾದರೂ ಸಾಲಿನಲ್ಲಿ ಮೂರು ಸೀಟು ಒಟ್ಟಿಗೆ ಹಿಡಿಯಿರಿ. ನೀವು ಮಧ್ಯೆ ಕೂತರೆ ಎರಡು ತೊಡೆಗೆ ಎರಡು ತಲೆ.

ಸೀಟು ಮೊದಲೇ ಆರಿಸಿ, ದುಡ್ಡು ಕೇಳಿದರೂ ಕೊಡಿ. ನನಗೆ ಒಂದು ಕಂಪನಿ ಮಗನನ್ನು ನಾಲ್ಕು ಸಾಲು ಹಿಂದಕ್ಕೆ ಹಾಕಿ ಬೋರ್ಡಿಂಗ್ ಪಾಸ್ ಕೊಟ್ಟಿತ್ತು. ಐದು ವರ್ಷದ ಹುಡುಗ! ಕೌಂಟರಿನವರು "ಒಳಗೆ ಹೋಗಿ ಯಾರನ್ನಾದರೂ ಕೇಳಿಕೊಳ್ಳಿ" ಅಂದರು. ನಾನು ಅಲ್ಲೇ ನಿಂತೆ. ಹಿಂದೆ ಸಾಲು ಬೆಳೆಯಿತು, ಆಮೇಲೆ ಸೀಟು ಹುಟ್ಟಿತು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತಂದೆ ಅಥವಾ ತಾಯಿ ಪಕ್ಕದಲ್ಲೇ ಸೀಟು ಕೊಡಬೇಕು ಅಂತ ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಕಂಪನಿಗಳಿಗೆ ಹೇಳಿದೆ. ವಿದೇಶಿ ಕಂಪನಿಯಾದರೆ ನಿಮ್ಮ ಬಾಯೇ ಗತಿ.

ಈಗ ಅತ್ತೆಯವರ ಪಟ್ಟಿ. ಇಲ್ಲಿ ನಿಮಗೆ ಬಾಯಿ ಬರದಿದ್ದರೆ ನಿಯಮ ಮಾತಾಡಲಿ. ಕೊಬ್ಬರಿ ವಿಮಾನದ ಚೆಕ್-ಇನ್ ಲಗೇಜಿಗೆ ನಿಷೇಧ. ಎಣ್ಣೆ ಅಂಶ ಜಾಸ್ತಿ ಇರುವುದರಿಂದ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಅದನ್ನು ಅಪಾಯಕಾರಿ ವಸ್ತುಗಳ ಜೊತೆ ಸೇರಿಸಿದ್ದಾರೆ. ಅರಸೀಕೆರೆಯವರಿಗೆ ಇದನ್ನು ಹೇಳಿ ನಂಬಿಸುವುದು ಕಷ್ಟ, ಆದರೆ ನಿಜ. ತುಪ್ಪ, ಪೇಡ, ಹಾಲಿನಿಂದ ಮಾಡಿದ್ದು, ಮಾಂಸದ್ದು ಯಾವುದನ್ನೂ ಹೊರಗಿನಿಂದ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಮಗುವಿನ ಹಾಲಿನ ಪುಡಿಗೆ ಮಾತ್ರ ವಿನಾಯಿತಿ, ಒಡೆಯದ ಕಂಪನಿ ಪ್ಯಾಕೆಟ್‌ನಲ್ಲಿ 2 ಕಿಲೋವರೆಗೆ. ಗಸಗಸೆ ಜರ್ಮನಿಯಲ್ಲಿ ಕೇಕಿಗೇ ಹಾಕುತ್ತಾರೆ, ಹೊತ್ತುಕೊಂಡು ಹೋಗುವ ವಸ್ತುವೇ ಅಲ್ಲ. ಅದೇ ಗಸಗಸೆ ಯುಎಇಯಲ್ಲಿ ನಿಷೇಧಿತ ಮಾದಕ ವಸ್ತುಗಳ ಪಟ್ಟಿಯಲ್ಲಿದೆ. ಸವಾರರೇ, ದುಬೈನಲ್ಲಿ ಎರಡು ದಿನ ಇಳಿಯಿರಿ ಅಂದಿರಲ್ಲ, ಅತ್ತೆ ಕೊಟ್ಟ ಗಸಗಸೆ ಪೊಟ್ಟಣದ ಸಮೇತವಾ?

ಸ್ನೇಹಿತರ ಮಗನ ಪೊಟ್ಟಣಕ್ಕೆ ಒಂದೇ ಮಾತು. ನಿಮ್ಮ ಕೈಯಾರೆ ತುಂಬದ ಯಾವುದನ್ನೂ ಒಯ್ಯಬೇಡಿ. ಇಂಗ್ಲಿಷಿನಲ್ಲಿ ಚೆಕ್-ಇನ್ ಕೌಂಟರಿನಲ್ಲೇ ಕೇಳುತ್ತಾರೆ, ಬ್ಯಾಗ್ ನೀವೇ ತುಂಬಿದ್ದಾ ಅಂತ. ಮಾವನವರಿಗೆ ಆ ಪ್ರಶ್ನೆಯ ಕಥೆ ಹೇಳಿ. ಆ ಹುಡುಗನಿಗೆ ಅಷ್ಟು ಚಟ್ನಿಪುಡಿ ಆಸೆ ಇದ್ದರೆ ನಿಮ್ಮ ಮನೆಗೆ ಬಂದು ತಿಂದು ಹೋಗಲಿ.

ಹಾಗಾದರೆ ಏನು ಒಯ್ಯುವುದು? ರಾಗಿ ಹುರಿಹಿಟ್ಟು. ಸಕ್ಕರೆ, ಏಲಕ್ಕಿ ಬೆರೆಸಿ ಪುಡಿ ಮಾಡಿಟ್ಟುಕೊಳ್ಳಿ. ಬೇಯಿಸುವ ಕೆಲಸ ಇಲ್ಲ. ವಿಮಾನದಲ್ಲಿ ಬಿಸಿನೀರೋ ಹಾಲೋ ಕೇಳಿದರೆ ಕೊಡುತ್ತಾರೆ, ಒಂದು ಕೈಯಲ್ಲೇ ಕಲಸಬಹುದು. ಒಗ್ಗರಣೆ ಅವಲಕ್ಕಿ, ಒಣಗಿದ್ದು. ಅಕ್ಕಿರೊಟ್ಟಿ ಬೇಡ, ನಾಲ್ಕು ಗಂಟೆಯಲ್ಲಿ ಹಪ್ಪಳವಾಗುತ್ತದೆ. ಮಕ್ಕಳ ಊಟ ಅಂತ ಮೊದಲೇ ಹೇಳಿಟ್ಟರೆ ದೊಡ್ಡವರಿಗಿಂತ ಮುಂಚೆ ತಂದುಕೊಡುತ್ತಾರೆ. ಮಕ್ಕಳು ಅದರಲ್ಲಿ ಬನ್ನು, ಚಾಕೊಲೇಟ್ ಮಾತ್ರ ತಿನ್ನುತ್ತಾರೆ. ಪರವಾಗಿಲ್ಲ, ಒಂದು ರಾತ್ರಿ ತಾನೇ.

ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಒಂದು ತೆಗೆದುಕೊಳ್ಳಿ, ಮಗನಿಗೆ. ಅದೊಂದೇ ನಿಮಗೆ ಮೂರನೇ ಕೈ.

ಮಕ್ಕಳ ವಾರ್ಡ್ ಸಿಸ್ಟರ್, ಹಾಸನ

ಸಿರಪ್ ವಿಷಯಕ್ಕೆ ಮಾತ್ರ ಬರುತ್ತೇನೆ. ಕೊಡಬೇಡಿ. ಪಕ್ಕದ ಮನೆಯವರು ಹೇಳುತ್ತಿರುವುದು ಬಹುಶಃ ಪ್ರೊಮೆಥಜೈನ್ ಇರುವ ಅಲರ್ಜಿ ಸಿರಪ್. ಎರಡು ವರ್ಷದ ಒಳಗಿನವರಿಗೆ ಅದು ಕೊಡಲೇಬಾರದು, ಉಸಿರಾಟ ನಿಧಾನವಾಗುವ ಅಪಾಯ ಇದೆ. ನಿಮ್ಮ ಮಗ ಹೋಗುವಾಗ ಎರಡರ ಒಳಗೇ ಇರುತ್ತಾನೆ. ಕೆಲವು ಮಕ್ಕಳು ಇಂಥ ಸಿರಪ್ ಕುಡಿದರೆ ಮಲಗುವ ಬದಲು ಇನ್ನೂ ಜಾಸ್ತಿ ಕುಣಿಯುತ್ತಾರೆ, ವಾರ್ಡಿನಲ್ಲಿ ನೋಡಿದ್ದೇನೆ. ಕಾರಿನಲ್ಲಿ ವಾಂತಿ ಮಾಡಿಕೊಳ್ಳುವ ಅಭ್ಯಾಸ ಇದ್ದರೆ ನಿಮ್ಮ ಡಾಕ್ಟರನ್ನೇ ಕೇಳಿ.

ಕಿವಿ ನೋವು ಬರುವುದು ಹೆಚ್ಚಾಗಿ ವಿಮಾನ ಇಳಿಯುವಾಗ. ಇಳಿಯಲು ಶುರುವಾದಾಗ ಮಗನಿಗೆ ಹಾಲು ಅಥವಾ ನೀರು ಗುಟುಕಿಸಿ, ಮಗಳಿಗೆ ಸ್ಟ್ರಾ ಕೊಡಿ. ಮಲಗಿದ್ದರೆ ಎಬ್ಬಿಸಿ. ಎಬ್ಬಿಸಲು ಮನಸ್ಸು ಬರುವುದಿಲ್ಲ, ಆದರೂ ಎಬ್ಬಿಸಿ. ಶೀತ ಜೋರಾಗಿದ್ದರೆ ಹೊರಡುವ ಮೊದಲು ಡಾಕ್ಟರಿಗೆ ಕಿವಿ ತೋರಿಸಿ. ಜ್ವರದ ಪ್ಯಾರಾಸಿಟಮಾಲ್ ಮತ್ತು ಓಆರ್‌ಎಸ್ ಕೈಚೀಲದಲ್ಲಿರಲಿ, ಮಕ್ಕಳ ಈಗಿನ ತೂಕಕ್ಕೆ ಎಷ್ಟು ಕೊಡಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಅದರ ಮೇಲೆ ಅಂಟಿಸಿ. ಹಳೇ ಚೀಟಿಯಲ್ಲಿ ಹಳೇ ತೂಕ ಇರುತ್ತದೆ.

ವಿದ್ಯಾನಗರದ ಅಮ್ಮ, ಹಾಸನ

ಅಕ್ಕಾ, ಕೊಬ್ಬರಿ ಹೊತ್ತಿಕೊಳ್ಳುತ್ತದೆ ಅಂದಿದ್ದಕ್ಕೆ ಅತ್ತೆಯವರು "ನಮ್ಮ ಅಟ್ಟದ ಮೇಲೆ ಅಷ್ಟೊಂದು ಕೊಬ್ಬರಿ ಇದೆ, ಇವತ್ತಿನವರೆಗೂ ಹೊತ್ತಿಕೊಂಡಿಲ್ಲ" ಅಂದರು. ಮಾವನವರೇ ಮೊಬೈಲಿನಲ್ಲಿ ಹುಡುಕಿ ನೋಡಿ ಹೌದು ಅಂತ ಒಪ್ಪಿದರು. ತುಪ್ಪದ ಮಾತು ಇನ್ನೂ ಎತ್ತಿಲ್ಲ. ಸಿಸ್ಟರ್, ಸಿರಪ್ ಕ್ಯಾನ್ಸಲ್, ಥ್ಯಾಂಕ್ಸ್.

ಹಾಸನದಿಂದ ಎಷ್ಟು ಹೊತ್ತಿಗೆ ಹೊರಟರೆ ಸರಿ? ಹಿಂದಿನ ದಿನವೇ ಬೆಂಗಳೂರಿಗೆ ಹೋಗಿ ನಾದಿನಿ ಮನೆಯಲ್ಲಿ ಉಳಿಯಿರಿ ಅನ್ನುತ್ತಿದ್ದಾರೆ. ಅವರ ಮನೆ ಬನಶಂಕರಿ.

ಆಲ್ದೂರಿನ ಅಕ್ಕ, ಚಿಕ್ಕಮಗಳೂರು

ಬನಶಂಕರಿಯಿಂದ ದೇವನಹಳ್ಳಿಗೆ ಹೋಗುವುದೇ ಒಂದು ಫಾರಿನ್ ಟೂರು. ಬೇಡ. ಹೋದರೆ ನೆಂಟರು ಮಾತಾಡಿಸಲು ಬರುತ್ತಾರೆ, ಮಕ್ಕಳಿಗೆ ಮಧ್ಯಾಹ್ನದ ನಿದ್ದೆ ತಪ್ಪುತ್ತದೆ.

ಮನೆಯಲ್ಲೇ ಊಟ ಮಾಡಿಸಿ, ಮಲಗಿಸಿ, ಸಂಜೆ ನಾಲ್ಕರ ಸುಮಾರಿಗೆ ಹೊರಡಿ. ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್ ದಾಟಿ ಯಡಿಯೂರಿನಲ್ಲಿ ಇಳಿದು ಮಕ್ಕಳನ್ನು ಒಂದು ಸುತ್ತು ಓಡಾಡಿಸಿ. ನೆಲಮಂಗಲದಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ತಿರುಗಿಕೊಂಡರೆ ಬೆಂಗಳೂರಿನೊಳಗೆ ನುಗ್ಗುವ ತಾಪತ್ರಯ ಇಲ್ಲ. ಡ್ರೈವರಿಗೆ ಎರಡನೇ ಟರ್ಮಿನಲ್ ಅಂತ ಹೇಳಿ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಅಲ್ಲಿಂದಲೇ. ಒಳಗೆ ಬಿದಿರು, ಗಿಡ, ನೀರು ಎಲ್ಲ ಇದೆ, ಮಕ್ಕಳು ನೋಡುತ್ತಾ ಕೂರುತ್ತವೆ. ನೈಟ್ ಡ್ರೆಸ್ ಅಲ್ಲೇ ಹಾಕಿಸಿ, ಮನೆಯಲ್ಲಿ ಮಲಗುವಾಗ ಏನು ಮಾಡುತ್ತೀರೋ ಅದೆಲ್ಲವನ್ನೂ ಗೇಟಿನ ಹತ್ತಿರ ಮಾಡಿ. ವಿಮಾನ ಹತ್ತುವಾಗ "ಮಕ್ಕಳಿರುವವರು ಮೊದಲು ಬನ್ನಿ" ಅಂತ ಕರೆಯುತ್ತಾರೆ. ಮೊದಲು ಹತ್ತಿದರೆ ಚೀಲಕ್ಕೆ ಜಾಗ ಸಿಗುತ್ತದೆ. ಕ್ಯಾರಿಯರ್‌ನಲ್ಲಿ ಮಗ ಮಲಗಿದ್ದರೆ ಆತುರ ಬೇಡ, ಕೊನೆಗೇ ಹತ್ತಿ.

ಅರಕಲಗೂಡಿನವನು, ಸ್ಟುಟ್‌ಗಾರ್ಟ್

ನಮ್ಮೂರಿನವರು ಬರುತ್ತಿದ್ದಾರೆ ಅಂತ ನೋಡಿ ಬರೆಯುತ್ತಿದ್ದೇನೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲೇ ದೂರದ ರೈಲುಗಳ ಸ್ಟೇಷನ್ ಇದೆ, ಸ್ಟುಟ್‌ಗಾರ್ಟ್‌ಗೆ ನೇರ ಐಸಿಇ (ಇಲ್ಲಿನ ವೇಗದ ರೈಲು) ಸಿಗುತ್ತದೆ. ಆರು ವರ್ಷದೊಳಗಿನವರಿಗೆ ರೈಲಿನಲ್ಲಿ ಟಿಕೆಟ್ ಬೇಡ. ಆದರೆ ಟಿಕೆಟ್ ಇಲ್ಲದಿದ್ದರೆ ಸೀಟೂ ಇಲ್ಲ, ಅದನ್ನು ಬೇರೆ ಕಾದಿರಿಸಬೇಕು. ಐಸಿಇಯಲ್ಲಿ ಪುಟ್ಟ ಮಕ್ಕಳಿರುವವರಿಗೆ ಅಂತ ಬಾಗಿಲಿರುವ ಬೇರೆ ಕಂಪಾರ್ಟ್‌ಮೆಂಟ್ ಇರುತ್ತದೆ, ಸ್ಟ್ರೋಲರ್ ನಿಲ್ಲಿಸಲೂ ಜಾಗ. ಬೇಗ ತುಂಬಿಹೋಗುತ್ತದೆ. ನಿಮ್ಮ ಯಜಮಾನರು ಕಾರು ತರುವುದಾದರೆ ಇಬ್ಬರಿಗೂ ಕಾರ್ ಸೀಟು ಬೇಕೇ ಬೇಕು. ಇಲ್ಲಿ ಹನ್ನೆರಡು ವರ್ಷ ಅಥವಾ 150 ಸೆಂಟಿಮೀಟರ್ ಎತ್ತರ ಆಗುವವರೆಗೆ ಕಡ್ಡಾಯ. ಹಾಸನದಲ್ಲಿ ತೊಡೆ ಮೇಲೆ ಕೂರಿಸಿಕೊಂಡ ಹಾಗೆ ಆಗುವುದಿಲ್ಲ.

ಭಾನುವಾರ ಬಂದು ಇಳಿಯುವ ಹಾಗಿದ್ದರೆ ಹಾಲು, ಮೊಸರು, ಅಕ್ಕಿ ಶನಿವಾರವೇ ತಂದಿಡಲು ಹೇಳಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಕರಿಬೇವು, ರಾಗಿಹಿಟ್ಟು ಎಲ್ಲ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಸಿಗುತ್ತದೆ. ನಲ್ಲಿ ನೀರು ಕುಡಿಯಬಹುದು.

ಬಂದ ಮೇಲೆ ಸ್ವಲ್ಪ ದಿನ ಮಕ್ಕಳು ಬೆಳಗಿನ ಜಾವ ಮೂರು ಗಂಟೆಗೇ ಎದ್ದು ಕೂರುತ್ತಾರೆ. ಬೇಸಿಗೆಯಲ್ಲಿ ಇಲ್ಲಿಗೂ ಊರಿಗೂ ಮೂರೂವರೆ ಗಂಟೆ ವ್ಯತ್ಯಾಸ, ಅವರ ಹೊಟ್ಟೆಗೆ ಆಗ ಆರೂವರೆ. ಮೇ ತಿಂಗಳಲ್ಲಿ ಇಲ್ಲಿ ರಾತ್ರಿ ಒಂಬತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗಿ, ಮರಳಿನಲ್ಲಿ ಆಡಿಸಿ, ಎಷ್ಟು ಆಗುತ್ತೋ ಅಷ್ಟು ಹೊತ್ತು ಎಳೆಯಿರಿ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಬಾರದು ಅನ್ನುವುದು ಇಲ್ಲಿ ರೂಢಿ. ಮೂರು ಗಂಟೆಗೆ ಎದ್ದ ಮಕ್ಕಳಿಗೆ ಇದನ್ನು ಯಾರು ಹೇಳುವುದು! ಬಣ್ಣ ಹಚ್ಚುವ ಪುಸ್ತಕ ಹಾಸಿಗೆ ಪಕ್ಕ ಇಟ್ಟುಕೊಂಡಿರಿ, ಕೆಳಗಿನ ಮನೆಯವರಿಗೆ ಮೊದಲ ದಿನವೇ ಮಕ್ಕಳನ್ನು ತೋರಿಸಿಕೊಂಡು ಬನ್ನಿ.

ಘಾಟಿ ಸವಾರ, ಸಕಲೇಶಪುರ

ಅಕ್ಕ, ಗಸಗಸೆ ವಿಷಯ ಗೊತ್ತಿರಲಿಲ್ಲ. ಆದರೂ ಇಬ್ಬರು ಹೋಗುವವರಿಗೆ ದೋಹಾ ಚೆನ್ನಾಗಿದೆ, ಅದನ್ನು ಬಿಟ್ಟುಕೊಡಲ್ಲ.

ವಿದ್ಯಾನಗರದ ಅಮ್ಮ, ಹಾಸನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೇರ ವಿಮಾನ ಅಂತ ತೀರ್ಮಾನ ಆಯಿತು. ಯಜಮಾನರಿಗೆ ಇದನ್ನೆಲ್ಲ ಕಳಿಸಿದೆ. ಅವರು ಹಳೇ ಕಾರ್ ಸೀಟು ಸಿಗುತ್ತಾ ಅಂತ ಅಲ್ಲಿ ಹುಡುಕುತ್ತಿದ್ದಾರೆ. ಸೋಮವಾರ ಟಿಕೆಟ್ ಬುಕ್ ಮಾಡುತ್ತೇವೆ.

ಆಲ್ದೂರಿನ ಅಕ್ಕ, ಚಿಕ್ಕಮಗಳೂರು

ಹಳೇ ಕಾರ್ ಸೀಟು ಅಪಘಾತ ಕಂಡಿದ್ದಾ ಅಂತ ಕೇಳಿ ತೆಗೆದುಕೊಳ್ಳಲಿ. ದುಡ್ಡು ಕಟ್ಟುವ ಮೊದಲು ಮಗನ ವಾಪಸ್ ಟಿಕೆಟ್ ಮೇಲೆ ಇನ್‌ಫಂಟ್ (ಮಡಿಲ ಮಗು) ಅಂತ ಇದೆಯಾ ಚೈಲ್ಡ್ (ಸ್ವಂತ ಸೀಟಿನ ಮಗು) ಅಂತ ಇದೆಯಾ ನೋಡಿ. ಇನ್‌ಫಂಟ್ ಅಂತಿದ್ದರೆ ಆನ್‌ಲೈನ್ ಬಿಟ್ಟು ಫೋನಿನಲ್ಲೇ ಮಾಡಿಸಿ.